ಪಾಮ್ ಐಲ್ಯಾಂಡ್‌ಗೆ ಆರು ವಾರ ಕೆಲಸಕ್ಕೆ ಹೋಗ್ತಿದ್ದೇನೆ, ಅಲ್ಲಿನ ಜನರ ಬಗ್ಗೆ ಏನು ತಿಳಿದಿರಬೇಕು?

ಮಾನಸ_ಬ್ರಿಸ್ಬೇನ್:
ಎಲ್ಲರಿಗೂ ನಮಸ್ಕಾರ. ನಾನು ಬ್ರಿಸ್ಬೇನ್‌ನಲ್ಲಿ ನರ್ಸ್. ಮುಂದಿನ ತಿಂಗಳು ಆರು ವಾರಕ್ಕೆ ಪಾಮ್ ಐಲ್ಯಾಂಡ್‌ಗೆ ಹೋಗುತ್ತಿದ್ದೇನೆ. ಕ್ವೀನ್ಸ್‌ಲ್ಯಾಂಡ್‌ನ ಟೌನ್ಸ್‌ವಿಲ್‌ನಿಂದ ಸುಮಾರು 65 ಕಿ.ಮೀ. ದೂರದ ದ್ವೀಪ. ಅಲ್ಲಿರುವವರು ಹೆಚ್ಚಾಗಿ ಅಬೊರಿಜಿನಲ್ ಜನ, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಅಂತ ಗೊತ್ತು. ಹೆಸರು ಹೇಳಿದ ಕೂಡಲೇ ಜೊತೆಯವರು "ಹುಷಾರು" ಅನ್ನುತ್ತಾರೆ. ಯಾಕೆ ಅಂದರೆ 2004ರ ಗಲಾಟೆ ಅಂತಾರೆ, ಅಷ್ಟೇ. ಅದಕ್ಕೆ ಮೊದಲು ಅಲ್ಲಿ ಏನೂ ನಡೆದೇ ಇಲ್ಲವಾ? ಇನ್ನೊಂದು, ಅಲ್ಲಿನ ಭಾಷೆಯಲ್ಲಿ ನಾಲ್ಕು ಮಾತು ಕಲಿತು ಹೋಗೋಣ ಅಂತ ಹುಡುಕಿದೆ. ಒಂದೊಂದು ಕಡೆ ಒಂದೊಂದು ಭಾಷೆಯ ಹೆಸರು ಸಿಗುತ್ತಿದೆ. ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ?

ಸುಧಾಮಣಿ:
ಮಾನಸ, ನಾನು ಅಲ್ಲಿ ಎರಡು ವರ್ಷ ನರ್ಸಾಗಿದ್ದೆ. ಭಾಷೆಯಿಂದಲೇ ಶುರು ಮಾಡುತ್ತೇನೆ. ಒಂದೊಂದು ಕಡೆ ಒಂದೊಂದು ಹೆಸರು ಸಿಕ್ಕಿದ್ದು ತಪ್ಪಲ್ಲ.

ದ್ವೀಪದ ಮೂಲದವರು ಮನ್‌ಬರ್ರ ಜನ. ಉಳಿದವರನ್ನೆಲ್ಲ ಸರ್ಕಾರ ತಂದು ಬಿಟ್ಟಿದ್ದು. 1918ರ ಮಾರ್ಚ್‌ನಲ್ಲಿ ದೊಡ್ಡ ಚಂಡಮಾರುತ ಬಂದು ಮುಖ್ಯಭೂಮಿಯ ದಡದಲ್ಲಿದ್ದ ಹಲ್ ರಿವರ್ ಎಂಬ ಅಬೊರಿಜಿನಲ್ ಜನರ ಸರ್ಕಾರಿ ವಸತಿ ನೆಲಸಮವಾಯಿತು. ಬದುಕುಳಿದವರನ್ನು ಇಲ್ಲಿಗೆ ಕರೆತಂದರು. ಆಮೇಲೆ ಕ್ವೀನ್ಸ್‌ಲ್ಯಾಂಡ್‌ನ ಮೂಲೆಮೂಲೆಯಿಂದ ಜನರನ್ನು ಹಿಡಿದು ಕಳಿಸುತ್ತಲೇ ಹೋದರು. 1897ರ ಒಂದು ಕಾನೂನು ಅದಕ್ಕೆ ಅಧಿಕಾರ ಕೊಟ್ಟಿತ್ತು. ಹಿರಿಯರು ಈಗಲೂ ಅದನ್ನು ಬರೀ "ದಿ ಆ್ಯಕ್ಟ್" ಅನ್ನುತ್ತಾರೆ. ಸಂಬಳ ಕೇಳಿದರೆ, ಎದುರು ಮಾತಾಡಿದರೆ ಸಾಕು, ದ್ವೀಪಕ್ಕೆ. ಮದುವೆಗೂ ಅನುಮತಿ, ಊರು ಬಿಡಲೂ ಅನುಮತಿ. ಹೀಗೆ 40ಕ್ಕೂ ಜಾಸ್ತಿ ಬುಡಕಟ್ಟುಗಳ ಜನ ಒಂದೇ ದ್ವೀಪಕ್ಕೆ ಬಂದು ಬಿದ್ದರು. ಮಕ್ಕಳನ್ನು ಅಪ್ಪ ಅಮ್ಮನಿಂದ ಬಿಡಿಸಿ ಡಾರ್ಮಿಟರಿಯಲ್ಲಿ ಹಾಕಿದರು. ಅಲ್ಲಿ ತಮ್ಮ ಮಾತು ಆಡುವಂತಿರಲಿಲ್ಲ. ಅದಕ್ಕೇ ಇವತ್ತು ಅಲ್ಲಿ ಕೇಳುವುದು ಅವರದೇ ಧಾಟಿಯ ಇಂಗ್ಲಿಷ್. ಆದರೂ ಇಷ್ಟೆಲ್ಲ ಜನ ಸೇರಿ ತಮಗೊಂದು ಹೆಸರು ಇಟ್ಟುಕೊಂಡಿದ್ದಾರೆ, ಬ್ವುಗ್‌ಕಲ್ಮನ್. ಹಲವು ಬುಡಕಟ್ಟು, ಒಂದೇ ಜನ ಅಂತ ಅರ್ಥ. ಈ ಒಂದು ಪದ ಕಲಿತುಕೊಂಡು ಹೋಗಿ.

ಊರಿನಲ್ಲಿ ಮ್ಯಾಂಗೊ ಅವೆನ್ಯೂ ಅಂತ ಒಂದು ರಸ್ತೆ ಇದೆ. ಎರಡೂ ಕಡೆ ಹಳೇ ಮಾವಿನ ಮರ, ಒಳ್ಳೆ ನೆರಳು. ಅದು ಬಿಳಿಯರ ಮನೆಗಳ ರಸ್ತೆ ಆಗಿತ್ತು, ಕಪ್ಪು ಜನ ಅಲ್ಲಿ ನಡೆದಾಡುವಂತಿರಲಿಲ್ಲ. ಗಂಟೆ ಬಾರಿಸಿದರೆ ಕೆಲಸಕ್ಕೆ ಹೋಗಬೇಕು, ರಾತ್ರಿ ಗಂಟೆ ಬಾರಿಸಿದರೆ ಮನೆ ಸೇರಬೇಕು. ಇದನ್ನೆಲ್ಲ ನನಗೆ ಹೇಳಿದ್ದು ಬಿಪಿ ನೋಡಿಸಲು ಬರುತ್ತಿದ್ದ ಒಬ್ಬ ಆಂಟಿ.

ಒಂದು ದಿನ ಅವರು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಒಂದು ಜೆರಾಕ್ಸ್ ಹಾಳೆ. ಅವರ ತಾತನನ್ನು ದ್ವೀಪಕ್ಕೆ ಕಳಿಸಿದ ಸರ್ಕಾರಿ ದಾಖಲೆ. ಮಡಿಸಿ ಮಡಿಸಿ ನಡುವಿನ ಗೆರೆಯಲ್ಲಿ ಅಕ್ಷರಗಳೇ ಅಳಿಸಿಹೋಗಿದ್ದವು. ಕನ್ನಡಕ ಮರೆತು ಬಂದಿದ್ದೇನೆ, ಓದಮ್ಮ ಅಂದರು. ಹೆಸರಿನ ಜಾಗದಲ್ಲಿ ಒಂದೇ ಪದ, ದನ ಸಾಕುವ ದೊಡ್ಡ ಜಮೀನಿನ ಯಾರೋ ಯಜಮಾನ ಇಟ್ಟ ಇಂಗ್ಲಿಷ್ ಹೆಸರು. ಅಪ್ಪನ ಹೆಸರಿಲ್ಲ, ಮನೆತನದ ಹೆಸರಿಲ್ಲ. ನಾನು ಓದಿ ಮುಗಿಸಿದೆ. "ಇನ್ನೊಂದ್ಸಲ ಓದು" ಅಂದರು. ಮತ್ತೆ ಓದಿದೆ. ಅವರು ಬೆರಳಿಟ್ಟು ಆ ಹೆಸರನ್ನು ಒಮ್ಮೆ ಸವರಿ ಹಾಳೆ ಮಡಿಸಿದರು. ಆಮೇಲೆ ತೋಳು ಮುಂದೆ ಚಾಚಿದರು, ಬಿಪಿ ನೋಡು ಅಂತ. ಆವತ್ತು ಬಿಪಿ ಜಾಸ್ತಿಯೇ ಇತ್ತು.

ಪ್ರಕಾಶ_ಟಿವಿ:
ಸುಧಾ ಅಕ್ಕ ಬರೆದಿದ್ದಕ್ಕೆ ಇನ್ನೆರಡು ಸೇರಿಸುತ್ತೇನೆ. ಆ ಜನ ಸುಮ್ನೆ ಸಹಿಸಿಕೊಂಡು ಕೂತಿರಲಿಲ್ಲ. 1957ರ ಜೂನ್‌ನಲ್ಲಿ ಐದು ದಿನ ಇಡೀ ದ್ವೀಪ ಮುಷ್ಕರ ಹೂಡಿತು. ಸಂಬಳ, ರೇಷನ್ನು, ಅಧಿಕಾರಿಗಳ ದರ್ಬಾರು ಎಲ್ಲದರ ವಿರುದ್ಧ. ಪೊಲೀಸರು ಏಳು ಮುಂದಾಳುಗಳನ್ನು ಕೈಕೋಳ ಹಾಕಿ, ಹೆಂಡತಿ ಮಕ್ಕಳ ಸಮೇತ ಗಡಿಪಾರು ಮಾಡಿದರು.

ಇದೇ ದ್ವೀಪದ ಟ್ಯಾಂಬೋ ಎಂಬ ಯುವಕನ ವಿಷಯವನ್ನೂ ತಿಳಿದುಕೊಳ್ಳಿ. 1883ರಲ್ಲಿ ಒಬ್ಬ ಏಜೆಂಟ್ ಅವನನ್ನೂ ಇನ್ನು ಕೆಲವರನ್ನೂ ಅಮೆರಿಕದ ಬಾರ್ನಮ್ ಸರ್ಕಸ್ಸಿಗೆ ಕರೆದೊಯ್ದ. ಮರುವರ್ಷವೇ ಕ್ಲೀವ್‌ಲ್ಯಾಂಡ್‌ನಲ್ಲಿ ಅವನು ತೀರಿಕೊಂಡ. ಹೆಣವನ್ನೂ ಮಣ್ಣು ಮಾಡದೆ ಪ್ರದರ್ಶನಕ್ಕೆ ಇಟ್ಟರು. 1993ರಲ್ಲಿ ಅದು ಸಿಕ್ಕಿತು. 1994ರಲ್ಲಿ ದ್ವೀಪದವರು ಅವನನ್ನು ಮನೆಗೆ ತಂದು ಮಣ್ಣು ಮಾಡಿದರು. ಸತ್ತು 110 ವರ್ಷದ ಮೇಲೆ.

ಮಾನಸ_ಬ್ರಿಸ್ಬೇನ್:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಎರಡು ಸಲ ಓದಿದೆ. 2004ರ ಬಗ್ಗೆ ಅಲ್ಲಿ ಕೇಳಬಹುದಾ ಅಕ್ಕ? ಏನು ಮಾತಾಡಬೇಕು ಅಂತಲೇ ಭಯ ಶುರುವಾಗಿದೆ.

ಸುಧಾಮಣಿ:
ನೀವಾಗಿ ಕೇಳಬೇಡಿ. ನವೆಂಬರ್ 19ರಂದು ಒಬ್ಬರು ಪೊಲೀಸ್ ಲಾಕಪ್ಪಿನಲ್ಲಿ ಸತ್ತರು. ಪಕ್ಕೆಲುಬು ಮುರಿದಿತ್ತು, ಲಿವರ್ ಹರಿದಿತ್ತು. ವಾರದ ಮೇಲೆ ಮರಣೋತ್ತರ ಪರೀಕ್ಷೆಯ ವರದಿಯನ್ನು ಜನರ ಮುಂದೆ ಓದಿದಾಗ ಸಿಟ್ಟು ಒಡೆದು ಪೊಲೀಸ್ ಸ್ಟೇಷನ್ನಿಗೆ ಬೆಂಕಿ ಬಿತ್ತು. ಆಮೇಲೆ ಪೊಲೀಸರು ನಡೆದುಕೊಂಡ ರೀತಿಯಲ್ಲಿ ಜನಾಂಗ ಭೇದ ಇತ್ತು ಅಂತ 2016ರಲ್ಲಿ ಫೆಡರಲ್ ಕೋರ್ಟೇ ಹೇಳಿತು. 2018ರಲ್ಲಿ ಸರ್ಕಾರ 3 ಕೋಟಿ ಡಾಲರ್ ಪರಿಹಾರಕ್ಕೂ ಕ್ಷಮೆ ಕೇಳುವುದಕ್ಕೂ ಒಪ್ಪಿತು. "ಹುಷಾರು" ಅನ್ನುವ ನಿಮ್ಮ ಜೊತೆಯವರು ಇದನ್ನೂ ಹೇಳಬೇಕಿತ್ತು ಅಲ್ವಾ? ತೀರಿಹೋದವರ ಹೆಸರನ್ನು ಮಾತಿನ ನಡುವೆ ಎತ್ತಬೇಡಿ, ನೋವಾಗುತ್ತದೆ.

ಮಾತಿಗೆ ಭಯ ಬೇಡ. ಮೊದಲು ಅವರೇ ಕೇಳುತ್ತಾರೆ, ನೀನು ಯಾವ ಕಡೆಯವಳು, ನಿನ್ನ ಜನ ಯಾರು ಅಂತ. ಬರೀ ಬ್ರಿಸ್ಬೇನ್ ಅಂದರೆ ಸಾಲದು. ಅಪ್ಪ ಅಮ್ಮ ಎಲ್ಲಿಯವರು, ಅಜ್ಜಿ ಎಲ್ಲಿಯವರು, ಪೂರ್ತಿ ಹೇಳಿ. ಅವರ ಮನೆಗಳಲ್ಲಿ ಎಷ್ಟೋ ಜನಕ್ಕೆ ಈ ಪ್ರಶ್ನೆಗೆ ಉತ್ತರವೇ ಸಿಗದೆ ಹೋಗಿದೆ. ಹಿರಿಯರನ್ನು ಆಂಟಿ, ಅಂಕಲ್ ಅಂತಲೇ ಕರೆಯಿರಿ. ಸಾವಾದ ಮನೆ ಇದ್ದರೆ "ಸಾರಿ ಬಿಸಿನೆಸ್" ಅನ್ನುತ್ತಾರೆ. ಆಗ ಅಪಾಯಿಂಟ್‌ಮೆಂಟಿಗೆ ಯಾರೂ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಮದ್ಯ ತರುವುದಕ್ಕೆ ಅಲ್ಲಿ ಮಿತಿ ಇದೆ, ಹೊರಡುವ ಮೊದಲು ನಿಯಮ ನೋಡಿಕೊಳ್ಳಿ. ಒಂದು ಟಾರ್ಚ್ ಇಟ್ಟುಕೊಳ್ಳಿ. ಅಲ್ಲಿ ಕುದುರೆಗಳು ಬಿಡುಬೀಸಾಗಿ ಊರಲ್ಲೇ ಓಡಾಡುತ್ತವೆ. ರಾತ್ರಿ ಪಾಳಿ ಮುಗಿಸಿ ಬರುವಾಗ ನಡು ರಸ್ತೆಯಲ್ಲಿ ಅಲುಗಾಡದೆ ನಿಂತಿರುತ್ತವೆ, ಕತ್ತಲಲ್ಲಿ ಕಾಣುವುದೇ ಇಲ್ಲ.