ಹೊಲದಲ್ಲಿ ಟವರ್ ಗೂಟ ಹೊಡೆದು ಹೋಗವ್ರೆ, ಆ ಲೈನಿಂದ ನಮ್ ಮೋಟ್ರಿಗೆ ಕರೆಂಟು ಬರುತ್ತಾ ಸಾರ್?

ಪ್ರಶ್ನೆ (ಮುಳಬಾಗಿಲು ತಾಲ್ಲೂಕಿನ ರೈತ):
ನಮಸ್ಕಾರ ಸಾರ್, ನೀವು ದೊಡ್ಡ ಲೈನ್ ಕೆಲಸದಲ್ಲೇ ಸರ್ವೀಸ್ ಮುಗಿಸಿ ರಿಟೈರ್ ಆದೋರು ಅಂತ ನಮ್ ಬಾವ ಹೇಳಿದ್ರು, ಅದಕ್ಕೆ ಕೇಳ್ತಾ ಇದೀನಿ. ನಮ್ದು 2 ಎಕರೆ 30 ಗುಂಟೆ, ಟೊಮೆಟೊ ರಾಗಿ ಹಾಕ್ತೀವಿ, ಮೂರು ಬೋರು ಫೇಲ್ ಆಗಿ ನಾಲ್ಕನೇದು 1,150 ಅಡಿಗೆ ಸಿಕ್ತು. ಹೋದ ವಾರ ಯಾರೋ ಸರ್ವೆಯವರು ಬಂದು ಹೊಲದ ಮಧ್ಯೆ ಗೂಟ ಹೊಡೆದು ಕೆಂಪು ಪೇಂಟ್ ಬಳಿದು 400 ಕೆವಿ ಲೈನು, ದೇಶದ ಕೆಲಸ, ನೀವು ಬೇಡ ಅನ್ನೋಕಾಗಲ್ಲ ಅಂದ್ರು. ಒಂದು ಕಾಗದ ಕೊಟ್ಟು ಸೈನ್ ಹಾಕಿ ಅಂದ್ರು, ಅದ್ರಲ್ಲಿ ಅಳತೆ ದುಡ್ಡು ಏನೂ ಬರ್ದಿರ್ಲಿಲ್ಲ, ನಾನು ಹಾಕ್ಲಿಲ್ಲ. ನಮ್ಮಪ್ಪ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ, ಹೊಲ ಹೋಗ್ಬಿಡ್ತು ಅಂತಾವ್ರೆ. ಜಮೀನು ಹೋಗುತ್ತಾ ಸಾರ್? ಎಷ್ಟು ಕೊಡ್ಬೇಕು? ಅಷ್ಟು ದೊಡ್ಡ ಲೈನು ತಲೆ ಮೇಲೆ ಹೋದ್ಮೇಲಾದ್ರೂ ನಮ್ಗೆ ಏಳು ಗಂಟೆಗಿಂತ ಜಾಸ್ತಿ ಥ್ರೀ ಫೇಸ್ ಕೊಡ್ತಾರಾ?

ಉತ್ತರ (ನಿವೃತ್ತ ಇಂಜಿನಿಯರ್, ಕೋಲಾರ):
ಮೊದ್ಲು ಅಪ್ಪಾಜಿಗೆ ಹೇಳಿ, ಹೊಲ ಹೋಗಲ್ಲ. ಟವರ್ ಲೈನಿಗೆ ಭೂಸ್ವಾಧೀನ ಮಾಡಲ್ಲ, ಪಹಣಿ ನಿಮ್ಮ ಹೆಸರಲ್ಲೇ ಇರುತ್ತೆ. ತಂತಿ ಕೆಳಗೆ ರಾಗಿ, ಟೊಮೆಟೊ, ಹುರುಳಿ ಏನು ಬೇಕಾದ್ರೂ ಬೆಳೀಬಹುದು. ತೆಂಗು, ನೀಲಗಿರಿ ಥರ ಎತ್ತರ ಹೋಗೋ ಮರ ಬಿಡಲ್ಲ, ಮನೆ ಕಟ್ಟೋ ಹಾಗಿಲ್ಲ, ಅದು ನಿಜವಾದ ನಷ್ಟ, ಸಣ್ಣದೇನಲ್ಲ.

ಆ ಕಾಗದಕ್ಕೆ ಸೈನ್ ಹಾಕದೇ ಇದ್ದಿದ್ದು ಒಳ್ಳೇದು ಮಾಡಿದ್ರಿ. ಬೇಡ ಅನ್ನೋಕಾಗಲ್ಲ ಅಂತ ಅವರು ಹೇಳಿದ್ರಲ್ಲಿ ಅರ್ಧ ಸತ್ಯ ಇದೆ. 1885ರ ಟೆಲಿಗ್ರಾಫ್ ಕಾಯ್ದೆ ಕಾಲದ ಅಧಿಕಾರನ 2003ರ ವಿದ್ಯುತ್ ಕಾಯ್ದೆ 164ನೇ ಸೆಕ್ಷನ್ ಮೂಲಕ ಲೈನ್ ಎಳೆಯೋರಿಗೆ ಕೊಡ್ತಾರೆ, ಹಾಗಾಗಿ ಒಪ್ಪಿಗೆ ಇಲ್ದೆನೂ ಕೆಲಸ ಮಾಡಬಹುದು. ಆದ್ರೆ ಪರಿಹಾರ ಕೊಡಲೇಬೇಕು, ಕೊಟ್ಟಿದ್ದು ಸಾಲ್ದು ಅನ್ಸಿದ್ರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಅವರು ಹೇಳದೇ ಬಿಡೋ ಅರ್ಧ ಇದು.

ದುಡ್ಡಿನ ವಿಷ್ಯ. 2015ರ ಕೇಂದ್ರದ ಮಾರ್ಗಸೂಚಿಲಿ ಟವರ್ ನಿಲ್ಲೋ ಜಾಗಕ್ಕೆ ಜಮೀನು ಬೆಲೆಯ 85 ಪರ್ಸೆಂಟು, ತಂತಿ ಹಾದು ಹೋಗೋ ಪಟ್ಟಿಗೆ ಹೆಚ್ಚು ಅಂದ್ರೆ 15 ಪರ್ಸೆಂಟು ಇತ್ತು. 2024ರ ಜೂನಲ್ಲಿ ಅದನ್ನ ಬದಲಾಯಿಸಿ ಟವರ್ ಜಾಗಕ್ಕೆ 200, ಪಟ್ಟಿಗೆ 30 ಮಾಡಿದ್ರು. ಇದು 66 ಕೆವಿ ಮತ್ತು ಅದಕ್ಕಿಂತ ದೊಡ್ಡ ಟವರ್ ಲೈನಿಗೆ, ಊರೊಳಗಿನ 11 ಕೆವಿ ಕಂಬಕ್ಕಲ್ಲ. ರಾಜ್ಯ ಸರ್ಕಾರ ಇದನ್ನೇ ಒಪ್ಪಬಹುದು ಇಲ್ಲ ತನ್ನದೇ ಆದೇಶ ಮಾಡಬಹುದು, ಹಾಗಾಗಿ ನಿಮ್ಮ ಲೈನಿಗೆ ಯಾವ ಆದೇಶದ ಪ್ರಕಾರ ಕೊಡ್ತೀರ ಅಂತ ಬರಹದಲ್ಲಿ ಕೇಳಿ. ಹಳೇ 85-15 ಲೆಕ್ಕ ಹೇಳ್ಕೊಂಡು ಬಂದ್ರೆ ಅಲ್ಲೇ ನಿಲ್ಲಿಸಿ.

ಜನ ಎಲ್ಲಿ ಕಳ್ಕೊತಾರೆ ಅಂದ್ರೆ ಟವರ್ ಕಾಲು ನೋಡ್ತಾರೆ, ಪಟ್ಟಿ ಮರೀತಾರೆ. 400 ಕೆವಿ ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ನಿಮ್ಮ ಹೊಲದಲ್ಲಿ ಲೈನು 100 ಮೀಟರ್ ಉದ್ದ ಹೋಯ್ತು ಅಂದ್ಕೊಳ್ಳಿ, 4,600 ಚದರ ಮೀಟರ್, ಅಂದ್ರೆ ಸುಮಾರು 45 ಗುಂಟೆ. ಟವರಿಗೆ ನಾಲ್ಕು ಕಾಲಿನ ಒಳಗಿನ ಜಾಗ, ಜೊತೆಗೆ ಸುತ್ತ ಒಂದೊಂದು ಮೀಟರು, ಕಾಲಿಂದ ಕಾಲಿಗೆ 12 ಮೀಟರ್ ಇದ್ರೆ 14ರಿಂದ 14, ಎರಡು ಗುಂಟೆ ಹತ್ರ. ಲೆಕ್ಕ ಸುಲಭ ಆಗ್ಲಿ ಅಂತ ಗುಂಟೆಗೆ 1 ಲಕ್ಷ ಹಿಡೀರಿ, ಟವರ್ ಜಾಗಕ್ಕೆ 4 ಲಕ್ಷ, ಉಳಿದ 43 ಗುಂಟೆ ಪಟ್ಟಿಗೆ 12 ಲಕ್ಷ 90 ಸಾವಿರ. ನೋಡಿ, ದೊಡ್ಡ ಮೊತ್ತ ಇರೋದೇ ಪಟ್ಟೀಲಿ. ಬೆಳೆ, ಮರದ ಪರಿಹಾರ ಬೇರೆ, ಅದನ್ನ ಇದ್ರೊಳಗೆ ಸೇರಿಸೋಕೆ ಬಿಡಬೇಡಿ. ಸಬ್ ರಿಜಿಸ್ಟ್ರಾರ್ ರೇಟಿಗಿಂತ ಅಕ್ಕಪಕ್ಕ ಜಾಸ್ತಿಗೆ ಮಾರಾಟ ಆಗಿದ್ರೆ ಆ ಕ್ರಯಪತ್ರದ ಕಾಪಿ ಇಟ್ಕೊಂಡು ಜಿಲ್ಲಾಧಿಕಾರಿ (ಡಿಸಿ) ಆಫೀಸಿಗೆ ಅರ್ಜಿ ಕೊಡಿ.

ಕಾಮೆಂಟ್ (ಪಾವಗಡದವರು):
ಸಾರ್ ನಮ್ಮಲ್ಲಿ ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21,000 ಅಂತ ಗುತ್ತಿಗೆ ಶುರು ಮಾಡಿ ಎರಡು ವರ್ಷಕ್ಕೊಂದ್ಸಲ 5 ಪರ್ಸೆಂಟ್ ಏರಿಸ್ತಾರೆ, ಟವರಿಗೆ ಯಾಕೆ ಹಾಗೆ ಬಾಡಿಗೆ ಕೊಡಲ್ಲ?

ಉತ್ತರ:
ಒಳ್ಳೇ ಪ್ರಶ್ನೆ ಅಣ್ಣ. ನಿಮ್ಮ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆ ಪೂರ್ತಿ ಪ್ಯಾನೆಲ್ ಕೆಳಗೆ ಹೋಗಿದೆ, 2,050 ಮೆಗಾವ್ಯಾಟ್, ಅಲ್ಲಿ ಉಳೋಕಾಗಲ್ಲ ಅಂತ ಗುತ್ತಿಗೆ. ಟವರ್ ಲೈನಲ್ಲಿ ಉಳಬಹುದು ಅನ್ನೋ ಕಾರಣಕ್ಕೆ ಒಂದೇ ಸಲ ಕೊಟ್ಟು ಮುಗಿಸ್ತಾರೆ. ನನ್ನ ಸ್ವಂತ ಅಭಿಪ್ರಾಯ ಕೇಳಿದ್ರೆ ಇದು ಸರಿ ಇಲ್ಲ. ಲೈನು ಇರೋವರೆಗೂ ಅದ್ರಿಂದ ಆದಾಯ ಬರುತ್ತೆ, ರೈತನ ಹೊಲದ ಮೇಲೆ ನಿರ್ಬಂಧನೂ ಅಲ್ಲಿವರೆಗೂ ಇರುತ್ತೆ, ಹಂಗಿದ್ಮೇಲೆ ಅವನಿಗೆ ವರ್ಷ ವರ್ಷ ಏನಾದ್ರೂ ಬರ್ಬೇಕು. ಸರ್ವೀಸಲ್ಲಿದ್ದಾಗ ಮೀಟಿಂಗಲ್ಲೂ ಇದನ್ನೇ ಹೇಳ್ತಿದ್ದೆ.

ಪ್ರಶ್ನೆ (ಮುಳಬಾಗಿಲು):
ತುಂಬಾ ಉಪಕಾರ ಸಾರ್, ಅಪ್ಪನಿಗೆ ಓದಿ ಹೇಳ್ದೆ. ಕರೆಂಟಿನ ವಿಷ್ಯ ಹೇಳ್ಲಿಲ್ಲ ನೀವು.

ಉತ್ತರ:
ಬರಲ್ಲಪ್ಪ. ಬೇಜಾರಾಗುತ್ತೆ, ಆದ್ರೆ ಬರಲ್ಲ. 400 ಕೆವಿ ಇಂದ ನಿಮ್ಮ ಮೋಟ್ರು ತನಕ ಇಳಿಯೋಕೆ 220, ಆಮೇಲೆ 66, ಆಮೇಲೆ 11 ಕೆವಿ, ಕೊನೇಗೆ ಟಿಸಿಲಿ, ಅಂದ್ರೆ ನಿಮ್ಮೂರ ಟ್ರಾನ್ಸ್‌ಫಾರ್ಮರಲ್ಲಿ, 415 ವೋಲ್ಟ್, ಇಷ್ಟು ಮೆಟ್ಟಿಲಿದೆ. ಒಂದೊಂದು ಮೆಟ್ಟಿಲಿಗೂ ಸ್ಟೇಷನ್ ಬೇಕು, ತಲೆ ಮೇಲೆ ಹೋಗೋ ತಂತಿಗೂ ನಿಮ್ಮ ಟಿಸಿಗೂ ಸಂಬಂಧನೇ ಇಲ್ಲ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ 147 ಕಿಲೋಮೀಟರ್ ಲೈನ್ ಎಳೆದ್ರು, ಬೆಂಗಳೂರಲ್ಲಿ ಬೀದಿ ದೀಪ ಹತ್ತಿದ್ದು 1905ಕ್ಕೆ. ಬೇತಮಂಗಲದಿಂದ ಗಣಿಗೆ ನೀರೂ ಹೋಯ್ತು. ದಾರೀಲಿದ್ದ ಹಳ್ಳಿಗಳು ಸೀಮೆಎಣ್ಣೆ ಬುಡ್ಡೀಲೇ ಇದ್ವು. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಪವರ್ ಗ್ರಿಡ್‌ನವರ 500 ಕೆವಿ ಡೈರೆಕ್ಟ್ ಕರೆಂಟ್ ಲೈನ್ ಬಂತು, 1,350 ಕಿಲೋಮೀಟರ್‌ಗೂ ಮೇಲೆ, ಆಗ 2,000 ಮೆಗಾವ್ಯಾಟ್ ಹೊರೋದು, ದಕ್ಷಿಣಕ್ಕೆಲ್ಲ ಬೇಕಾದ ಲೈನು ಅದು, ಅದ್ರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ, ಆದ್ರೆ ಪಕ್ಕದ ಊರಿನ ಮೋಟ್ರು ಆಗ್ಲೂ ಲೋ ವೋಲ್ಟೇಜಲ್ಲಿ ಸುಡ್ತಿತ್ತು. ಈಗ 2032ರವರೆಗಿನ ರಾಷ್ಟ್ರೀಯ ಯೋಜನೇಲಿ 1.91 ಲಕ್ಷ ಸರ್ಕ್ಯೂಟ್ ಕಿಲೋಮೀಟರ್ ಲೈನು, 9.15 ಲಕ್ಷ ಕೋಟಿ ಖರ್ಚು ಅಂತ ಇದೆ. ಸೋಲಾರ್, ಗಾಳಿ ಕರೆಂಟು ಹೊರೋಕೆ ಬೇಕೇ ಬೇಕು. ಹಳ್ಳಿ ಫೀಡರ್, ಅಂದ್ರೆ ನಿಮ್ಮೂರಿಗೆ ಬರೋ 11 ಕೆವಿ ಲೈನು, ಆ ಲೆಕ್ಕದಲ್ಲಿ ಬರಲ್ಲ.

ನೀವು ಕೇಳ್ಬೇಕಾಗಿರೋದು ಹತ್ರದ 66/11 ಕೆವಿ ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಲೋಡ್ ಎಷ್ಟಿದೆ, ಹೊಸ ಸ್ಟೇಷನ್ ಪ್ಲಾನಲ್ಲಿದೆಯಾ, ರೈತರ ಪಂಪಿಗೆ ಸೋಲಾರ್ ಕರೆಂಟು ಕೊಡೋ ಕುಸುಮ್ ಯೋಜನೇಲಿ ಸ್ಟೇಷನ್ ಪಕ್ಕ ಸೋಲಾರ್ ಹಾಕಿ ಫೀಡರಿಗೆ ಹಗಲು ಹೊತ್ತೇ ಕೊಡ್ತಾರಾ ಅಂತ. ಗೌರಿಬಿದನೂರು ತಾಲ್ಲೂಕಲ್ಲಿ ಆ ಥರ ಶುರು ಆಗಿದೆ. ರಾತ್ರಿ ಹೊತ್ತು ಹಾವು ಚೇಳು ತುಳ್ಕೊಂಡು ಮೋಟ್ರು ಹಾಕೋಕೆ ಹೋಗೋದು ತಪ್ಪಿದ್ರೆ ಅದೇ ದೊಡ್ಡದು.

ಕಾಮೆಂಟ್ (ಕೋಲಾರ, ಹೆಣ್ಣುಮಗಳು):
ಅಂಕಲ್, ನೀರಿಗೂ ಈ ಕರೆಂಟಿಗೂ ಏನ್ ಸಂಬಂಧ, ಕೆಸಿ ವ್ಯಾಲಿ ನೀರು ಬಂದ್ಮೇಲೆ ನಮ್ ಬೋರಲ್ಲಿ ಮೋಟ್ರು ಇನ್ನೂ ಮೇಲಕ್ಕೆ ಎತ್ತಿ ಇಟ್ವಿ, ಕರೆಂಟ್ ಬಿಲ್ ಹೇಗೂ ಇಲ್ಲ, ಆದ್ರೂ ನೀರು ಬೇಗ ಬರುತ್ತೆ ಈಗ.

ಉತ್ತರ:
ಸಂಬಂಧ ಅದೇ ತಾಯಿ. 1,000 ಅಡಿಯಿಂದ 10,000 ಲೀಟರ್ ಎತ್ತೋಕೆ ಲೆಕ್ಕದ ಪ್ರಕಾರ 8 ಯೂನಿಟ್, ನಮ್ಮ ಮೋಟ್ರು ಅರ್ಧ ದಂಡ ಮಾಡುತ್ತೆ, ಹಾಗಾಗಿ 16. ನೀರು 500 ಅಡಿಗೆ ಬಂದ್ರೆ ಅದೂ ಅರ್ಧ ಆಗುತ್ತೆ, ಅಂದ್ರೆ ಅದೇ ಏಳು ಗಂಟೇಲಿ ಹೆಚ್ಚು ನೀರು. ಬೆಂಗಳೂರಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಕೊಡೋ ಯೋಜನೆ ಅದು, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದ್ಲು ಬಂತು. ಎರಡನೇ ಹಂತದವರೆಗಷ್ಟೇ ಶುದ್ಧ ಮಾಡಿ ಬಿಡೋದು, ಮೂರನೇ ಹಂತನೂ ಆಗಲೇಬೇಕು ಅನ್ನೋರ ಜೊತೆ ನಾನಿದೀನಿ. ಕೆರೆಯಿಂದ ನೇರ ಪಂಪ್ ಮಾಡಬೇಡಿ, ಅದು ಇಂಗೋಕೆ ಬಿಟ್ಟಿರೋ ನೀರು.

ಪ್ರಶ್ನೆ (ಮುಳಬಾಗಿಲು):
ಸೋಮವಾರ ಮತ್ತೆ ಬರ್ತಾರಂತೆ ಸಾರ್, ಏನ್ ಮಾಡ್ಲಿ?

ಉತ್ತರ:
ಗೂಟದ ಮೇಲೆ ನಂಬರ್ ಇರುತ್ತೆ, ಫೋಟೋ ತಗೊಳ್ಳಿ. ಅವರ ಎದುರಿಗೇ ಟೇಪ್ ಹಿಡಿದು ಅಳೀರಿ, ಬೆಳೆ ನಿಂತಿರೋವಾಗ್ಲೇ ವಿಡಿಯೋ ಮಾಡಿ, ಮಹಜರಲ್ಲಿ ಸರ್ವೆ ನಂಬರು, ಟವರ್ ಜಾಗ, ಪಟ್ಟಿ ಉದ್ದ ಅಗಲ, ಬೋರ್‌ವೆಲ್ ಎಷ್ಟು ದೂರ, ಎಲ್ಲ ಬರೆಸಿ ಆಮೇಲೆ ಸೈನು, ಒಂದು ಕಾಪಿ ನಿಮ್ಮ ಕೈಲಿ. ಬೋರು ಟವರ್ ಕಾಲಿಗೆ ತೀರ ಹತ್ರ ಬಂದ್ರೆ ಟವರ್ ಜಾಗ ಸ್ವಲ್ಪ ಸರಿಸಿ ಅಂತ ಈಗ್ಲೇ ಕೇಳಿ, ಫೌಂಡೇಶನ್ ತೋಡಿದ್ಮೇಲೆ ಯಾರೂ ಕೇಳಲ್ಲ. ನಿಮ್ಮ ಲೈನ್ ಬೀಳೋ ಅಕ್ಕಪಕ್ಕದ ಹೊಲದವರ್ನೂ ಕರ್ಕೊಳ್ಳಿ. ಅಪ್ಪಾಜಿನೂ ಜೊತೆಗೆ ಬರ್ಲಿ, ಹೊಲದ ಬದು ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.