ಶಿರಸಿಯ ಪಿನ್ ಕೋಡ್ 581401 ಅವಿಭಾಜ್ಯ ಸಂಖ್ಯೆಯಾ?

ಮಾರಿಗುಡಿ_ಬೀದಿ:
ಶಾಲೆಯ ಗಣಿತ ಮೇಳಕ್ಕೆ ಜಿಲ್ಲೆಯ ಪಿನ್ ಕೋಡುಗಳನ್ನು ಮಕ್ಕಳಿಂದ ಅಪವರ್ತಿಸೋದು ಅಂತಿದೆ. ಕಾರವಾರದ್ದು ಸಲೀಸು: ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಭಾಗ ಹೋಗ್ತದೆ; 581301 = 3² × 7 × 9227. ಶಿರಸಿಯ 581401 ಮಾತ್ರ 97ರವರೆಗಿನ ಯಾವ ಅವಿಭಾಜ್ಯಕ್ಕೂ ಬಗ್ಗುತ್ತಿಲ್ಲ. ಅವಿಭಾಜ್ಯ ಅಂತ ಬರೆದುಬಿಡಬಹುದಾ? ಸಾದಾ ಕ್ಯಾಲ್ಕುಲೇಟರ್ ಮಾತ್ರ ಇದೆ.

ಕಾಳಿ_ತೀರ:
ಈಗಲೇ ಬರೀಬೇಡಿ. 762² = 580644, 763² = 582169. ಅಂದ್ರೆ 762ರೊಳಗಿನ ಅವಿಭಾಜ್ಯಗಳೆಲ್ಲ ಮುಗಿಯಬೇಕು. ಅವು 135, ನೂರರೊಳಗಿನವು ಬರೀ 25. ಇನ್ನೊಂದು, 19ರಿಂದ ಭಾಗಿಸಿದಾಗ 30600.05 ಅಂತ ಬರ್ತದೆ, ಭಾಗ ಹೋಯ್ತು ಅಂತ ಮಕ್ಕಳು ಅವಸರ ಮಾಡ್ತಾರೆ. 581400 = 17 × 19 × 1800 ಆದ್ದರಿಂದ 17ಕ್ಕೂ 19ಕ್ಕೂ ಶೇಷ 1. ದಶಮಾಂಶ ನಂಬದೆ ಶೇಷ ಬರೆಸಿ.

ಅಘನಾಶಿನಿ:
135 ಭಾಗಾಕಾರ ಯಾಕೆ ಮಾರಾಯ್ರೆ, ಫರ್ಮಾ ವಿಧಾನ ಹಿಡೀರಿ. 581401 = ಕ² − ಗ² ಆಗುವ ಕ ಹುಡುಕೋದು, 763ರಿಂದ ಮೇಲಕ್ಕೆ. ಎಲ್ಲವನ್ನೂ ನೋಡಬೇಕಾಗಿಲ್ಲ. ಸಂಖ್ಯೆಯನ್ನು 16ರಿಂದ ಭಾಗಿಸಿದ ಶೇಷ 9. ಹಾಗಾಗಿ ಗ 4ರ ಗುಣಕ, ಕ-ಯನ್ನು 8ರಿಂದ ಭಾಗಿಸಿದ ಶೇಷ 3 ಅಥವಾ 5. 5ರ ಶೇಷ ನೋಡಿದ್ರೆ ಕ-ಯ ಬಿಡಿಸ್ಥಾನ 1, 5, 9 ಮಾತ್ರ. 3ರಿಂದ ಭಾಗ ಹೋಗುವವೂ ಹೊರಗೆ. ಉಳಿಯೋದು 779, 781, 805, 811, 821, 829, 835, 845, 851, 859, 869, 875, 899, 901.

781ರಲ್ಲಿ ಎಚ್ಚರ. 609961 − 581401 = 28560, ವರ್ಗಮೂಲ ಎರಡು ದಶಮಾಂಶಕ್ಕೆ 169.00! ಆದ್ರೆ 169² = 28561, ಒಂದು ಹೆಚ್ಚು. ಗ ಬೆಸ ಆಗೋ ಹಾಗೇ ಇಲ್ಲವಲ್ಲ, ಅಲ್ಲೇ ಬಿಡಬಹುದು. ಕೊನೆಗೆ 901: 811801 − 581401 = 230400 = 480². ಸಿಕ್ಕಿತು:

581401 = (901 − 480)(901 + 480) = 421 × 1381

37ರವರೆಗೆ ಭಾಗಿಸಿ ನೋಡಿದ್ರೆ ಈ ಎರಡೂ ಅವಿಭಾಜ್ಯ ಅಂತ ಖಾತ್ರಿ.

ಸಹ್ಯಾದ್ರಿ_ಅಂಚು:
ಇದರ ನಿಜವಾದ ಚೆಂದ ಮುಂದೆ ಇದೆ, ಮೇಳದಲ್ಲಿ ಖಂಡಿತ ತೋರಿಸಿ. ಎರಡೂ ಅಪವರ್ತನಗಳನ್ನು 4ರಿಂದ ಭಾಗಿಸಿದ ಶೇಷ 1, ಹಾಗಾಗಿ ಒಂದೊಂದೂ ಎರಡು ವರ್ಗಗಳ ಮೊತ್ತ: 421 = 14² + 15², 1381 = 34² + 15². ಬ್ರಹ್ಮಗುಪ್ತ 628ರಲ್ಲೇ ಕೊಟ್ಟ ಭಾವನಾ ಸೂತ್ರದಿಂದ (ಎರಡು ವರ್ಗಗಳ ಮೊತ್ತವಾದ ಸಂಖ್ಯೆಗಳನ್ನು ಗುಣಿಸಿದರೆ ಬರೋದೂ ಎರಡು ವರ್ಗಗಳ ಮೊತ್ತವೇ) ಇವನ್ನು ಗುಣಿಸಿ. ಒಮ್ಮೆ 14×34 + 15×15 = 701, 15×34 − 14×15 = 300. ಚಿಹ್ನೆ ಅದಲುಬದಲು ಮಾಡಿದ್ರೆ 251, 720.

701² + 300² = 581401
251² + 720² = 581401

ಮಾರಿಗುಡಿ_ಬೀದಿ:
ಅದ್ಭುತ! ಕಾರವಾರದ ಸಂಖ್ಯೆಗೂ ಹೀಗೆ ಎರಡು ವರ್ಗ ಸಿಗ್ತದಾ?

ಸಹ್ಯಾದ್ರಿ_ಅಂಚು:
ಸಿಗೋದಿಲ್ಲ. 7 ಮತ್ತು 9227, ಎರಡಕ್ಕೂ 4ರಿಂದ ಭಾಗಿಸಿದ ಶೇಷ 3. ಅಂಥ ಅವಿಭಾಜ್ಯ ಸಮ ಘಾತದಲ್ಲಿ ಬರಬೇಕು. 3 ಎರಡು ಸಲ ಬಂದಿರೋದ್ರಿಂದ ಅದರ ತಕರಾರಿಲ್ಲ. ಈ ಎರಡು ಒಂದೊಂದೇ ಸಲ ಬಂದಿವೆ.