ಎಂಜಿನ್ ‘ಜೋಲಿ ಹೊಡೀತದ’: ಈ ಜೋಲಿ ಯಾವುದು?

ಎಲ್ಲರಿಗೂ ನಮಸ್ಕಾರ. ಕೇಳಬೇಕಾದದ್ದು ಒಂದೇ ಪದ. ಆದರೆ ಅದು ಎಲ್ಲಿಂದ ಎದ್ದಿತು ಅಂತ ಹೇಳದಿದ್ದರೆ ಪ್ರಶ್ನೆಗೆ ತಲೆಬುಡ ಇರುವುದಿಲ್ಲ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ನಮ್ಮದು ಕಲಬುರಗಿ ಜಿಲ್ಲೆ, ಕಮಲಾಪುರದ ಆಸುಪಾಸು. ಎರಡೆಕರೆ ಬಾಳೆ, ಉಳಿದದ್ದು ತೊಗರಿ. ಬಾಳೆ ಸಾಲಿನ ನಡುವೆ ಕಸ ತೆಗೆಯಲು ಒಂದು ಪೆಟ್ರೋಲ್ ಎಂಜಿನ್ನಿನ ಯಂತ್ರ ಇಟ್ಟಿದ್ದೇನೆ, ಹಿಡಿಕೆ ಹಿಡಿದು ಹಿಂದೆ ನಡೆಯುವಂಥದ್ದು. ಅಂಗಡಿಯವರು ಪವರ್ ವೀಡರ್ ಅನ್ನುತ್ತಾರೆ, ಊರವರಿಗೆ ಅದು ಸಣ್ ಟ್ರ್ಯಾಕ್ಟರ್. ಬೇಸಿಗೆ ಪೂರ್ತಿ ಕೊಟ್ಟಿಗೆಯಲ್ಲಿ ಮುಚ್ಚಿಟ್ಟದ್ದನ್ನು ಮೊದಲ ಮಳೆ ಆದ ಮೇಲೆ ಹೊರಗೆ ತೆಗೆದೆ. ಚಾಲೂ ಆಯಿತು, ಆದರೆ ಸದ್ದು ನೆಟ್ಟಗಿರಲಿಲ್ಲ. ಯಾರೂ ರೇಸ್ ಮುಟ್ಟದಿದ್ದರೂ ತಾನೇ ಜೋರಾಗುವುದು, ತಾನೇ ಇಳಿಯುವುದು, ಇನ್ನೇನು ಬಂದ್ ಬಿತ್ತು ಅನ್ನುವಷ್ಟರಲ್ಲಿ ಮತ್ತೆ ಏರುವುದು. ಒಂದೇ ತಾಳದಲ್ಲಿ, ಬಿಡುವಿಲ್ಲದೆ.

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ನಾಲ್ಕು ಪುಟ ಕನ್ನಡವೂ ಇದೆ. ದೋಷ ಪತ್ತೆಯ ಪುಟ ತೆಗೆದೆ. ಮೊದಲ ಸಾಲು: ‘ಎಂಜಿನ್ ಕಳಪೆಯಾಗಿ ಓಡುತ್ತದೆ’. ಪಕ್ಕದಲ್ಲೇ ಕೂತಿದ್ದ ಅಣ್ಣನ ಮಗ ಓದಿ, “ಕಾಕಾ, ಕಂಪನಿಯವರೇ ಕಳಪೆ ಅಂತ ಒಪ್ಕೊಂಡಾರ, ವಾಪಸ್ ಕೊಟ್ ಬರಮು” ಅಂದ. ಅವನು ಅಂದದ್ದರಲ್ಲಿ ತಪ್ಪಿಲ್ಲ. ಕಳಪೆ ಬೀಜ, ಕಳಪೆ ಕಾಮಗಾರಿ ಅನ್ನುತ್ತೇವೆ. ಅದು ವಸ್ತುವಿನ ಹುಟ್ಟುಗುಣಕ್ಕೆ ಹೇಳುವ ಮಾತು, ಇವತ್ತು ಮೈ ಸರಿಯಿಲ್ಲ ಅನ್ನುವುದಕ್ಕಲ್ಲ. ಅದರ ಕೆಳಗಿನ ಸಾಲು ಇನ್ನೂ ಚಂದ: ‘ಎಂಜಿನ್ ಬೇಟೆಯಾಡುತ್ತಿದ್ದರೆ ಕಾರ್ಬ್ಯುರೇಟರ್ ಸ್ವಚ್ಛಗೊಳಿಸಿ’. ಮುಂದೆ ‘ಉಸಿರುಗಟ್ಟಿಸುವಿಕೆಯನ್ನು ಅರ್ಧ ಎಳೆಯಿರಿ’ ಅಂತಲೂ ಇತ್ತು. ಅದು ಚೋಕ್, ಎಂಜಿನ್ನಿಗೆ ಹೋಗುವ ಗಾಳಿ ಕಮ್ಮಿ ಮಾಡುವ ಹಿಡಿಕೆ, ಅಂತ ತಿಳಿಯಲು ನನಗೆ ಒಂದು ಕಪ್ ಚಹಾ ಬೇಕಾಯಿತು.

ಕಡೆಗೆ ಗಾಡಿಯಲ್ಲಿ ಹಾಕಿಕೊಂಡು ಕಲಬುರಗಿಗೆ ಒಯ್ದೆ. ಹುಮನಾಬಾದ್ ರೋಡಿನ ಕಡೆ ಒಬ್ಬ ಹಳೆಯ ಮಿಸ್ತ್ರಿ ಇದ್ದಾರೆ, ನಾನು ಚಾಚಾ ಅನ್ನುತ್ತೇನೆ, ಅವರು ನನಗೆ ಮಾಸ್ತರ ಅನ್ನುತ್ತಾರೆ. ಹಗ್ಗ ಎಳೆದು ಚಾಲೂ ಮಾಡಿ, ತಲೆ ವಾರೆ ಮಾಡಿಕೊಂಡು ಎರಡು ನಿಮಿಷ ಕೇಳಿದರು. “ಮಿಸ್ ಹೊಡಿಲಾಕತ್ತದ ಅಂತ ಫೋನ್ಯಾಗ ಅಂದಿದ್ರಿ. ಮಿಸ್ ಎಲ್ಲದರೀ ಇದು? ಜೋಲಿ ಹೊಡಿಲಾಕತ್ತದ. ಮಿಸ್ ಬ್ಯಾರೆ, ಜೋಲಿ ಬ್ಯಾರೆ, ದಮ್ಮ ಹತ್ತೋದು ಬ್ಯಾರೆ.”

ಮೂರು ಮಾತು, ಮೂರು ರೋಗ. ಪುಸ್ತಕದಲ್ಲಿ ಮೂರಕ್ಕೂ ಸೇರಿ ಒಂದು ‘ಕಳಪೆ’.

ಚಾಚಾ ಚೋಕ್ ಅರ್ಧಕ್ಕೆ ಎಳೆದರು. ಸದ್ದು ದಾರ ಎಳೆದ ಹಾಗೆ ನೆಟ್ಟಗಾಯಿತು. ಬಿಟ್ಟರೆ ಮತ್ತೆ ಏರಿಳಿತ. “ಪೆಟ್ರೋಲ್ ಕಮ್ಮಿ ಬರ್ಲಾಕತ್ತದ. ಕಚರಾ ಕುಂತದ.” ಪಾನಾ ಹಾಕಿ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಾಗ ತಳದಲ್ಲಿ ಹಳದಿ ಜಿಗುಟು, ಬೆಲ್ಲದ ಪಾಕ ಒಣಗಿದ ಹಾಗೆ, ಅದರ ಮೇಲೆ ಉರುಳಾಡುವ ಎರಡು ಹನಿ ನೀರು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ, ಅಂದರೆ ಜೆಟ್, ಬಿಚ್ಚಿ ಆಕಾಶಕ್ಕೆ ಹಿಡಿದು ನನಗೂ ತೋರಿಸಿದರು, ತೂತಿನಲ್ಲಿ ಬೆಳಕೇ ಇಲ್ಲ. ಹಳೆ ವೈರಿನಿಂದ ಒಂದು ತಾಮ್ರದ ಎಳೆ ಕಿತ್ತು, ಜೆಟ್‌ನೊಳಗೆ ಮೆಲ್ಲಗೆ ಆಡಿಸಿ, ಬಾಯಿಂದ ಊದಿದರು. ಸಾಸಿವೆಗಿಂತ ಸಣ್ಣ ಬೆಳಕು ಕಂಡಿತು. ಈಗಿನ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕೂ ಬಟ್ಟಲೂ ಖಾಲಿ ಮಾಡಿಡಬೇಕು ಅಂತ ಬುದ್ಧಿವಾದವೂ ಆಯಿತು.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಇಂಥ ಎಂಜಿನ್ನಿನಲ್ಲಿ ಗವರ್ನರ್ ಅಂತ ಒಂದು ಏರ್ಪಾಟಿದೆ: ತಿರುಗುವ ಸಣ್ಣ ತೂಕಗಳು ಒಂದು ಕಡೆ, ಸ್ಪ್ರಿಂಗ್ ಇನ್ನೊಂದು ಕಡೆ. ವೇಗ ಇಳಿದರೆ ಸ್ಪ್ರಿಂಗ್ ಎಳೆದು ರೇಸ್ ಕೊಡುತ್ತದೆ, ಹೆಚ್ಚಾದರೆ ತೂಕಗಳು ಅಗಲಿ ರೇಸ್ ಇಳಿಸುತ್ತವೆ. ಜೆಟ್ ಕಟ್ಟಿಕೊಂಡು ಪೆಟ್ರೋಲ್ ಸಾಲದಾದಾಗ ವೇಗ ಕುಸಿಯುತ್ತದೆ, ಗವರ್ನರ್ ಗಾಬರಿಯಿಂದ ಅತಿ ಕೊಡುತ್ತದೆ, ಮತ್ತೆ ಅತಿ ಇಳಿಸುತ್ತದೆ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಎಂಜಿನ್ನಿಗೆ ಗವರ್ನರ್ ಕೂಡಿಸಿದ ಮೇಲೆ ಇಂಥ ಓಲಾಟವೂ ಬೆನ್ನಿಗೆ ಬಂತು. 1868ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಇದರ ಗಣಿತ ಬಿಡಿಸಲು ಕೂತರು. ಇಂಗ್ಲಿಷಿನವರು ಇದಕ್ಕೆ ಹಂಟಿಂಗ್ ಅನ್ನುತ್ತಾರೆ, ತನ್ನ ಸರಿಯಾದ ವೇಗವನ್ನು ಹುಡುಕಾಡುತ್ತಿದೆ ಅನ್ನುವ ಅರ್ಥದಲ್ಲಿ. ಅನುವಾದಕರ ಕೈಯಲ್ಲಿ ಹುಡುಕಾಟ ಹೋಗಿ ಕೋವಿ ಬಂದಿದೆ.

ಈಗ ಪದಕ್ಕೆ ಬರುತ್ತೇನೆ. ‘ಜೋಲಿ ಹೊಡಿ’ ಅಂದರೆ ನಮ್ಮಲ್ಲಿ ಅತ್ತಿತ್ತ ವಾಲುವುದು. ಕುಡಿದವನು ಜೋಲಿ ಹೊಡೀತಾ ಬರುತ್ತಾನೆ, ಹೇರು ಹೆಚ್ಚಾದ ಬಂಡಿ ಜೋಲಿ ಹೊಡೀತದ. ಆದರೆ ‘ಜೋಲಿ ತಪ್ಪಿ ಬಿದ್ದ’ ಅಂತಲೂ ಅನ್ನುತ್ತೇವಲ್ಲ? ಅಲ್ಲಿ ಜೋಲಿ ಅಂದರೆ ಸಮತೋಲ, ಅದು ತಪ್ಪಿದ್ದಕ್ಕೇ ಬಿದ್ದದ್ದು. ಒಂದೇ ಪದ ಒಂದು ಕಡೆ ಓಲಾಟ, ಇನ್ನೊಂದು ಕಡೆ ಓಲಾಡದೆ ನಿಲ್ಲುವ ಹದ. ಇಷ್ಟು ವರ್ಷ ಎರಡನ್ನೂ ಆಡಿದ್ದೇನೆ, ಶಾಲೆಯಲ್ಲಿ ಕನ್ನಡ ಕಲಿಸಿದ್ದೇನೆ, ಆದರೂ ಇದು ಕಣ್ಣಿಗೆ ಬಿದ್ದದ್ದು ಎಣ್ಣೆ ಹತ್ತಿದ ಕೈ ಒರೆಸಿಕೊಳ್ಳುವಾಗ.

ನನಗೆ ಹೊಳೆದ ಒಂದು ದಾರಿ ‘ತೂಗು’. ತೊಟ್ಟಿಲು ತೂಗುತ್ತೇವೆ, ತಕ್ಕಡಿಯಲ್ಲಿ ಕಾಳು ತೂಗುತ್ತೇವೆ. ಆಡುವುದಕ್ಕೂ ಅದೇ, ಸಮ ಮಾಡುವುದಕ್ಕೂ ಅದೇ. ತಕ್ಕಡಿ ಆಡದೆ ತೂಕ ಗೊತ್ತಾಗುವುದಿಲ್ಲವಲ್ಲ. ಜೋಲು, ಜೋಲಾಡು, ಜೋಲುಮೋರೆ ಇವುಗಳ ಬಳಗದ ‘ಜೋಲಿ’ಯೂ ಇದೇ ಹಾದಿ ಹಿಡಿದಿರಬಹುದೇ? ಹಾಗಿದ್ದರೆ ತೂಕ ಮತ್ತು ಸ್ಪ್ರಿಂಗಿನ ಜಗಳದಿಂದ ಏಳುವ ಈ ರೋಗಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಮಗುವಿಗೆ ಬಟ್ಟೆಯಲ್ಲಿ ಕಟ್ಟುವ ಜೋಲಿ ಮಾತ್ರ ಹಿಂದಿಯ ಝೋಲಿ ಇರಬೇಕು ಅನ್ನುವುದು ನನ್ನ ಅನಿಸಿಕೆ. ತಪ್ಪಿದ್ದರೆ ತಿದ್ದಿ.

ಉಳಿದೆರಡು ಮಾತು ಬೇಗ ಮುಗಿಸುತ್ತೇನೆ. ‘ಮಿಸ್’ ಇಂಗ್ಲಿಷಿನದೇ. ನಡುನಡುವೆ ಒಂದೊಂದು ಹೊಡೆತ ತಪ್ಪಿ ಫಟ್ ಅನ್ನುವುದು, ಚಾಚಾ ಮೊದಲು ಪ್ಲಗ್ ಬಿಚ್ಚುವುದು ಆಗಲೇ. ‘ದಮ್ಮ ಹತ್ತೋದು’ ಅಂದರೆ ಖಾಲಿ ಇದ್ದಾಗ ಚೆನ್ನಾಗಿದ್ದು, ಹಲ್ಲು ನೆಲಕ್ಕೆ ಇಳಿದ ಕೂಡಲೇ ಕರಿ ಹೊಗೆ ಬಿಟ್ಟು ತೇಕುವುದು. ನಮ್ಮ ಕರಿಮಣ್ಣಿನ ಧೂಳು ಏರ್ ಫಿಲ್ಟರಿಗೆ ಮೆತ್ತಿ ಗಾಳಿ ಸಾಲದಾದರೆ ಹೀಗಾಗುತ್ತದೆ. ಪಾರಸಿಯಲ್ಲಿ ದಮ್ ಅಂದರೆ ಉಸಿರು. ನಿಜಾಮನ ಸೀಮೆಯವರಾದ ನಮಗೆ ಅದು ಬಿರಿಯಾನಿಗೂ ಆಯಿತು, ಬೀಡಿಗೂ ಆಯಿತು, ಅಸ್ತಮಾಕ್ಕೂ ಆಯಿತು. ಎಂಜಿನ್ನಿಗೆ ಉಸಿರು ಸಾಲದಾದಾಗ ಬೇರೆ ಏನನ್ನಬೇಕು? ಹೆಸರು ಕೇಳಿದರೆ ಎಲ್ಲಿ ಕೈಹಾಕಬೇಕು ಅಂತ ತಿಳಿಯುತ್ತದೆ.

ಇನ್ನೊಂದು ತೊಡಕಿದೆ, ಇದು ನಗೆಯಲ್ಲ. ಪುಸ್ತಕದಲ್ಲಿ ‘ಪ್ರತಿದಿನ ಎಣ್ಣೆ ಪರೀಕ್ಷಿಸಿ’ ಅಂತಿದೆ. ನಮ್ಮ ಕಡೆ ‘ಎಣ್ಣಿ ಹೊಡಿಯೋದು’ ಅಂದರೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. ‘ಎಣ್ಣಿ ಹಾಕ್ಸು’ ಅಂದರೆ ಟ್ಯಾಂಕಿಗೆ ಪೆಟ್ರೋಲೋ ಡೀಸೆಲ್ಲೋ. ಎಂಜಿನ್ನಿನ ಹೊಟ್ಟೆಗೆ ಹಾಕುವುದು ಮಾತ್ರ ‘ಆಯಿಲ್’. ‘ಎಣ್ಣೆ’ ಅಂತ ಬರೆದರೆ ಆಳುಮಗ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ತುಂಬಿದೆ ಅಂತ ಹೋಗುತ್ತಾನೆ. ಆಯಿಲ್ ಇಲ್ಲದೆ ಓಡಿದ ಎಂಜಿನ್ ಜಾಮ್ ಆಗಿ ಕೂರುತ್ತದೆ.

ಊರಲ್ಲಿ ಇಂಥದೇ ಯಂತ್ರ ಇನ್ನೂ ಐದಾರು ಜನರಲ್ಲಿದೆ. ಅವರಿಗಾಗಿ ಒಂದು ಹಾಳೆಯಷ್ಟು ಬರೆದುಕೊಡೋಣ ಅಂತ ಕೂತಿದ್ದೇನೆ. ಆದ್ದರಿಂದ ಕೇಳುವುದು: ಎಂಜಿನ್ನಿನ ಈ ಏರಿಳಿತಕ್ಕೆ ನಿಮ್ಮ ಊರಿನ ಗ್ಯಾರೇಜಿನಲ್ಲಿ ಏನನ್ನುತ್ತಾರೆ? ಮಂಡ್ಯ, ಹಾಸನದ ಕಡೆಯವರಿಗೆ ‘ಜೋಲಿ ಹೊಡಿ’ ಅಂದರೆ ಅರ್ಥವಾಗುತ್ತದೆಯೇ, ಅಥವಾ ಕುಡುಕನೇ ಕಣ್ಣಿಗೆ ಬರುತ್ತಾನೆಯೇ? ಬೀದರದ ಭಾಲ್ಕಿ, ಔರಾದ ಕಡೆ ಮರಾಠಿಯ ಮಾತು ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ. ‘ಜೋಲಿ ತಪ್ಪು’ ಮತ್ತು ‘ಜೋಲಿ ಹೊಡಿ’ ಎರಡನ್ನೂ ಆಡುವವರು ನಮ್ಮನ್ನು ಬಿಟ್ಟು ಇನ್ನೆಲ್ಲಿದ್ದಾರೆ? ಸದ್ಯಕ್ಕೆ ಪುಸ್ತಕದ ‘ಬೇಟೆಯಾಡುತ್ತಿದ್ದರೆ’ ಮೇಲೆ ಗೀಟು ಎಳೆದು ಚಾಚಾನ ಮಾತು ಬರೆದಿಟ್ಟಿದ್ದೇನೆ. ‘ಕಳಪೆಯಾಗಿ’ ಅನ್ನುವುದಕ್ಕೂ ಗೀಟು ಬಿದ್ದಿದೆ, ಅದರ ಮೇಲಿನ ಜಾಗ ಖಾಲಿ ಇದೆ.